ಕಾಳಿಗೆ ಆದದ್ದು

ನಾಯಿಯ ಮೂತ್ರವೂ ಒಂದು ಲೇಖನಕ್ಕೆ ವಸ್ತುವೆ ಎಂದು ವಾಚಕರು ಮೂಗು ಮುರಿಯಬಹುದು. ಭಾನುವಾರದ ಬೆಳಗಿನಲ್ಲಿ, ಕಾಫಿಯ ಲೋಟ ಕೈಯಲ್ಲಿರುವಾಗ, ಇಂಥ ಮಾತನ್ನೆತ್ತುವುದು ಸಭ್ಯತೆಯಲ್ಲವೆಂಬುದು ನನಗೂ ತಿಳಿದಿದೆ. ಆದರೆ ಮುದಿತನ ಹೊಕ್ಕ ಮನೆಯಲ್ಲಿ ಸಭ್ಯತೆಯ ಗೆರೆಗಳು ಒಂದೊಂದಾಗಿ ಅಳಿಸಿಹೋಗುತ್ತವೆ. ಯಾವುದನ್ನು ಕುರಿತು ಮಾತನಾಡಲು ನಾವು ನಾಚುತ್ತೇವೆಯೋ ಅದರ ವಿಷಯದಲ್ಲಿಯೇ ನಾವು ಹೆಚ್ಚು ಕ್ರೂರಿಗಳೂ ಆಗಿರುತ್ತೇವೆ. ಇದನ್ನು ನಾನು ಯಾವ ಗ್ರಂಥದಿಂದಲೂ ಕಲಿಯಲಿಲ್ಲ; ನಮ್ಮ ಮನೆಯ ಹಜಾರದಲ್ಲಿ, ರಾತ್ರಿ ಎರಡು ಗಂಟೆಯ ಹೊತ್ತಿನಲ್ಲಿ, ಒದ್ದೆಯಾದ ಒಂದು ಚಾಪೆಯ ಮುಂದೆ ನಿಂತು ಕಲಿತೆ.

ನಮ್ಮ ನಾಯಿಯ ಹೆಸರು ಕಾಳಿ. ಹಳಗನ್ನಡ ಪಾಠ ಹೇಳುವವನ ಮನೆಯ ನಾಯಿಗೆ ಈ ಹೆಸರು ಎಲ್ಲಿಂದ ಬಂತೆಂಬುದನ್ನು ನನ್ನ ವಿದ್ಯಾರ್ಥಿಗಳು ಕೂಡಲೆ ಊಹಿಸಿಯಾರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕಾಲದ ಶಾಸನವೊಂದಿದೆ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನು ತನ್ನ ಒಡೆಯನಾದ ಗಂಗರ ಇಮ್ಮಡಿ ಬೂತುಗನಿಂದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ನಾಯಿ ಹಂದಿಗಳ ಕಾಳಗವನ್ನು ಕೆತ್ತಿದ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಹೆಸರೊಂದನ್ನು ಬಿಟ್ಟರೆ ಆ ಕಾಳಿಗೂ ನಮ್ಮ ಕಾಳಿಗೂ ಹೋಲಿಕೆಯಿಲ್ಲ. ಇದು ಡ್ಯಾಷ್‌ಹೌಂಡ್ ಜಾತಿಯದು. ಉದ್ದನೆಯ ಮೈ, ಗೇಣುದ್ದದ ಕಾಲು, ತೂಕ 9 ಕಿಲೋ. ಬಿಲದೊಳಗೆ ನುಗ್ಗಿ ಬ್ಯಾಡ್ಜರ್ ಎಂಬ ಪ್ರಾಣಿಯನ್ನು ಹೊರಡಿಸಲೆಂದು ಜರ್ಮನರು ಬೆಳೆಸಿದ ತಳಿಯಂತೆ. ತುಮಕೂರಿನ ನಮ್ಮ ಹಿತ್ತಿಲಲ್ಲಿ ಅದು ಹೊರಡಿಸಿದ ಅತಿ ದೊಡ್ಡ ಪ್ರಾಣಿಯೆಂದರೆ ಒಂದು ಹೆಗ್ಗಣ. ಆದರೆ ಶುಚಿಯಲ್ಲಿ ಅದನ್ನು ಮೀರಿಸುವವರಿರಲಿಲ್ಲ. ಹತ್ತು ವರ್ಷಗಳಲ್ಲಿ ಒಂದು ದಿನವೂ ಮನೆಯೊಳಗೆ ಒಂದು ಹನಿ ಕೆಡವಿದ್ದಿಲ್ಲ. ಹೊರಗೆ ಹೋಗಬೇಕಾದರೆ ಬಾಗಿಲ ಬಳಿ ಕುಳಿತು, ಸಭೆಯಲ್ಲಿ ಮಾತಿಗೆ ಮುನ್ನ ಕೆಮ್ಮುವವರಂತೆ, ಒಂದೇ ಸಲ ಬೊಗಳುತ್ತಿತ್ತು.

ಅದರ ಹನ್ನೊಂದನೆಯ ವರ್ಷದಲ್ಲಿ, 2023ರ ಬೇಸಗೆಯಲ್ಲಿ, ಕಾಳಿ ಹೆಚ್ಚು ನೀರು ಕುಡಿಯತೊಡಗಿತು. ಬಿಸಿಲು ಹೆಚ್ಚು ಎಂದುಕೊಂಡೆವು. ಹಸಿವೂ ಹೆಚ್ಚಿತು, ಆರೋಗ್ಯದ ಲಕ್ಷಣವೆಂದು ಹಿಗ್ಗಿದೆವು. ಹೊಟ್ಟೆ ಮಡಕೆಯಂತೆ ಇಳಿಬಿದ್ದಿತು, ತೊಡೆಯ ಸ್ನಾಯುಗಳು ಸೊರಗಿದವು, ಎರಡು ಪಕ್ಕೆಗಳಲ್ಲಿಯೂ ಒಂದೇ ಅಳತೆಯಾಗಿ ಕೂದಲುದುರಿತು, ತಂಪಾದ ರಾತ್ರಿಯಲ್ಲಿಯೂ ನಾಲಗೆ ಚಾಚಿ ಏದುತ್ತಿತ್ತು. ಇಷ್ಟಕ್ಕೂ ನಮ್ಮಲ್ಲಿ ಒಂದೇ ಉತ್ತರವಿದ್ದಿತು: ವಯಸ್ಸಾಯಿತು. ಈ ಮಾತಿಗಿಂತ ಸುಲಭವಾಗಿ ವಿಚಾರದ ಬಾಗಿಲನ್ನು ಮುಚ್ಚುವ ಮಾತು ನಮ್ಮ ಭಾಷೆಯಲ್ಲಿ ಇನ್ನೊಂದಿಲ್ಲ. ಬೇರೆ ಬೇರೆಯಾಗಿ ಕಂಡ ಆರು ಲಕ್ಷಣಗಳನ್ನು ಒಂದು ದಾರದಲ್ಲಿ ಪೋಣಿಸಿ ನೋಡುವ ತಾಳ್ಮೆ ನಮಗೆ ಬರಲಿಲ್ಲ.

ಮಳೆಗಾಲದ ಹೊತ್ತಿಗೆ ಚಾಪೆ ಒದ್ದೆಯಾಗತೊಡಗಿತು. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನವೂ. ಕೆಲವು ಸಲ ಬಾಗಿಲ ಬಳಿ ದೊಡ್ಡ ಕೆರೆಯಂತೆ. ಕೆಲವು ಸಲ ಅದು ಮಲಗಿದ್ದೆಡೆಯಲ್ಲಿಯೇ ಅಂಗೈಯಗಲದ ತೇವ. ಮಡದಿ ನೆಲ ತೊಳೆದು ತೊಳೆದು ಸೋತಳು. ಬಂದವರು ಮೂಗಿಗೆ ಸೆರಗು ಹಿಡಿದಾರೆಂದು ನಾವು ಯಾರನ್ನೂ ಮನೆಗೆ ಕರೆಯುವುದನ್ನು ಬಿಟ್ಟೆವು. ಆಗ ನಾನು ಎರಡು ಕೆಲಸ ಮಾಡಿದೆ. ಎರಡನ್ನೂ ಇಂದು ನಾಚಿಕೆಯಿಂದ ಬರೆಯುತ್ತಿದ್ದೇನೆ. ಸಂಜೆ ಏಳರ ಮೇಲೆ ಅದರ ನೀರಿನ ಬಟ್ಟಲನ್ನು ತೆಗೆದಿಟ್ಟೆ. ರಾತ್ರಿ ಎದ್ದು ಚಾಪೆ ಒದ್ದೆಯಾದುದನ್ನು ಕಂಡಾಗ ಬೈದೆ. “ಇಷ್ಟು ವಯಸ್ಸಾಗಿ ನಾಚಿಕೆಯಿಲ್ಲವೆ ನಿನಗೆ? ಮನೆಯೆಲ್ಲ ನಾರುತ್ತಿದೆ!” ಎಂದು ನಾನು ಕೂಗಿದ್ದು ಪಕ್ಕದ ಕೋಣೆಗೂ ಕೇಳಿಸಿರಬೇಕು. ಕಾಳಿ ಬಾಗಿಲ ಹಿಂದೆ ಅವಿತುಕೊಂಡಿತು. ಅಂದಿನಿಂದ ಚಾಪೆ ಒದ್ದೆಯಾದಾಗಲೆಲ್ಲ, ನಾನು ನೋಡುವ ಮೊದಲೇ, ಅದು ಹೋಗಿ ಅಲ್ಲಿ ಅವಿತಿರುತ್ತಿತ್ತು. ಒಂದು ರಾತ್ರಿ ಬಚ್ಚಲಿನ ಕಡೆ ಸದ್ದಾಯಿತೆಂದು ಹೋಗಿ ನೋಡಿದೆ. ಕಾಳಿ ಸೋಪಿನ ನೀರು ನಿಂತ ಬಚ್ಚಲಿನ ಕಲ್ಲನ್ನು ನೆಕ್ಕುತ್ತಿತ್ತು.

ಬೆಳಗ್ಗೆ ಅಮ್ಮ ಮಾತ್ರ ಒಂದು ಮಾತೆಂದಳು: “ಅವಳೇನು ಬೇಕೂಂತ ಮಾಡ್ತಾಳೇನಪ್ಪ? ಅವಳಿಗೆ ಗೊತ್ತಾಗೋದೇ ಇಲ್ಲ. ಡಾಕ್ಟರಿಗೆ ತೋರಿಸು.” ಅದು ನಿನಗೆ ಹೇಗೆ ತಿಳಿಯಿತೆಂದು ನಾನು ಕೇಳಲಿಲ್ಲ.

ಪಶುವೈದ್ಯೆ ಚಿಕ್ಕ ವಯಸ್ಸಿನವರು. ಆದರೆ ಕೇಳಿದ ಪ್ರಶ್ನೆಗಳು ಹಳೆಯ ಕಾಲದ ಪಂಡಿತರವು. ಒದ್ದೆಯಾಗುವುದು ಎಚ್ಚರವಿದ್ದಾಗಲೋ ನಿದ್ದೆಯಲ್ಲೋ? ಎಷ್ಟಗಲ? ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ? ಚರ್ಮಕ್ಕೋ ಕಿವಿಗೋ ಸ್ಟೀರಾಯ್ಡ್ ಸೇರಿದ ಔಷಧಿಯನ್ನು ಬಹುಕಾಲ ಹಾಕಿದ್ದುಂಟೆ? ಗರ್ಭಕೋಶ ತೆಗೆಸಿ ಎಷ್ಟು ವರ್ಷವಾಯಿತು? ಕೊನೆಯ ಎರಡು ಪ್ರಶ್ನೆಗಳಿಗೆ ಮಾತ್ರ ನನ್ನಲ್ಲಿ ಉತ್ತರವಿದ್ದಿತು. ಡ್ಯಾಷ್‌ಹೌಂಡಿನ ಉದ್ದ ಬೆನ್ನಿನಲ್ಲಿ ಮೂಳೆಗಳ ನಡುವಿನ ಬಿಲ್ಲೆ ಜಾರಿ ನರವನ್ನು ಒತ್ತಿದರೂ ಮೂತ್ರದ ಹಿಡಿತ ತಪ್ಪುವುದುಂಟಾದ್ದರಿಂದ, ಹಿಂಗಾಲುಗಳನ್ನು ಮಡಿಸಿ ಬಿಡಿಸಿ ಪರೀಕ್ಷಿಸಿ, ಅದಲ್ಲವೆಂದು ಮೊದಲು ನಿಶ್ಚಯಿಸಿಕೊಂಡರು. ರಾತ್ರಿ ನೀರು ಕೊಡುತ್ತಿಲ್ಲವೆಂದು ನಾನು ಹೇಳಿದಾಗ ಅವರ ಮುಖ ಗಂಭೀರವಾಯಿತು.

“ಮೇಷ್ಟ್ರೇ, ನೀವು ಕಾರ್ಯವನ್ನು ಕಾರಣ ಅಂದ್ಕೊಂಡಿದ್ದೀರಿ. ಹೆಚ್ಚು ಕುಡಿಯೋದರಿಂದ ಅದಕ್ಕೆ ಹೆಚ್ಚು ಮೂತ್ರವಾಗ್ತಾ ಇಲ್ಲ. ಹೆಚ್ಚು ಮೂತ್ರವಾಗೋದರಿಂದ ಅದು ಹೆಚ್ಚು ಕುಡೀತಾ ಇದೆ. ನೀವು ನೀರು ನಿಲ್ಲಿಸಿದರೂ ಮೂತ್ರ ನಿಲ್ಲೋಲ್ಲ, ಮೈಯೇ ಒಣಗಿಹೋಗುತ್ತೆ.”

ಕಾರ್ಯಕಾರಣಗಳನ್ನು ತಿರುಗುಮುರುಗು ಮಾಡುವ ವಿದ್ಯಾರ್ಥಿಯ ಉತ್ತರಕ್ಕೆ ನಾನು ಸೊನ್ನೆ ಹಾಕುತ್ತೇನೆ. ಅಂದು ಆ ಸೊನ್ನೆ ನನಗೆ ಬಿದ್ದಿತು.

ಮೂರು ದಿನ ಅಳೆದು ತರಬೇಕೆಂದು ಅವರು ಹೇಳಿದರು. ಬೆಳಗ್ಗೆ ಅಳತೆ ಮಾಡಿ ನೀರು ತುಂಬುವುದು, ಮರುದಿನ ಉಳಿದುದನ್ನು ಅಳೆದು ಕಳೆಯುವುದು. ನಾಯಿ ಒಂದು ದಿನದಲ್ಲಿ ತನ್ನ ತೂಕದ ಕಿಲೋ ಒಂದಕ್ಕೆ 100 ಮಿಲಿಲೀಟರಿಗಿಂತ ಹೆಚ್ಚು ಕುಡಿದರೆ ಅದು ರೋಗದ ಸೂಚನೆ. ಕಾಳಿಯ ಪಾಲಿಗೆ ಆ ಗಡಿ 900 ಮಿಲಿಲೀಟರು. ಅದು ಕುಡಿದದ್ದು ದಿನಕ್ಕೆ ಒಂದೂವರೆ ಲೀಟರು. ಮೂತ್ರ ನೋಡಿದರೆ ನೀರಿನಷ್ಟೇ ತೆಳುವಾಗಿತ್ತು.

ಅನುಮಾನ ಒಂದು ಕಡೆಗೆ ತಿರುಗಿತು. ನಿಶ್ಚಯಕ್ಕಾಗಿ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಹೋದೆವು. ಬೆಳಗ್ಗೆ ರಕ್ತ ತೆಗೆದು, ಡೆಕ್ಸಾಮೆಥಸೋನ್ ಎಂಬ ಔಷಧಿಯನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿ, 4 ಗಂಟೆಯ ಮೇಲೊಮ್ಮೆ, 8 ಗಂಟೆಯ ಮೇಲೊಮ್ಮೆ ಮತ್ತೆ ರಕ್ತ ತೆಗೆಯುತ್ತಾರೆ. ಆರೋಗ್ಯವಂತ ನಾಯಿಯಲ್ಲಿ ಆ ಹೊತ್ತಿಗೆ ಕಾರ್ಟಿಸಾಲ್ ಎಂಬ ರಸ ತಗ್ಗಿರಬೇಕು. ಈ ರೋಗವಿದ್ದರೆ ತಗ್ಗುವುದಿಲ್ಲ. ಅಂಜಿಕೆಯಿಂದಲೂ ಕಾರ್ಟಿಸಾಲ್ ಏರುವುದರಿಂದ ನಾಯಿಯನ್ನು ಅಷ್ಟು ಹೊತ್ತು ನೆಮ್ಮದಿಯಾಗಿ ಇರಿಸಬೇಕು. ಒಂದು ದಿನವೆಲ್ಲ ಮರದ ನೆರಳಿನಲ್ಲಿ ಕಾಳಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಅದನ್ನು ಅಷ್ಟು ಹೊತ್ತು ಬೈಯದೆ ಮುಟ್ಟಿ ಎಷ್ಟು ತಿಂಗಳಾಗಿತ್ತೋ!

ರೋಗದ ಹೆಸರು ಕುಷಿಂಗ್. ಅಮೆರಿಕದ ಮಿದುಳಿನ ಶಸ್ತ್ರವೈದ್ಯ ಹಾರ್ವೆ ಕುಷಿಂಗ್ 1932ರಲ್ಲಿ ಮನುಷ್ಯರಲ್ಲಿ ಇದನ್ನು ವಿಶದವಾಗಿ ವಿವರಿಸಿದ. ನಾಯಿಗಳಲ್ಲಿ ಇದು ಮನುಷ್ಯರಿಗಿಂತ ಬಹಳ ಹೆಚ್ಚು. ಮಿದುಳಿನ ಬುಡದಲ್ಲಿ ಪಿಟ್ಯೂಟರಿ ಎಂಬ ಪುಟ್ಟ ಗ್ರಂಥಿಯಿದೆ. ಮೂತ್ರಪಿಂಡಗಳ ಪಕ್ಕದಲ್ಲಿರುವ ಅಡ್ರಿನಲ್ ಗ್ರಂಥಿಗಳಿಗೆ ಅಲ್ಲಿಂದ ಅಪ್ಪಣೆ ಹೋಗುತ್ತದೆ. ಅವು ಕಾರ್ಟಿಸಾಲನ್ನು ಸ್ರವಿಸುತ್ತವೆ. ಈ ರೋಗ ಬಂದ ನಾಯಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚಿನವಕ್ಕೆ ಪಿಟ್ಯೂಟರಿಯಲ್ಲಿ ಸಣ್ಣ ಗಂಟೊಂದು ಬೆಳೆದಿರುತ್ತದೆ. ಅಪ್ಪಣೆ ನಿಲ್ಲುವುದೇ ಇಲ್ಲ. ಉಳಿದವಕ್ಕೆ ಅಡ್ರಿನಲ್ಲಿನಲ್ಲಿಯೇ ಗಂಟು. ಕಾಳಿಯದು ಮೊದಲನೆಯ ಬಗೆ. ಮಿತಿಮೀರಿದ ಕಾರ್ಟಿಸಾಲ್ ಸ್ನಾಯುವನ್ನು ಸವೆಸುತ್ತದೆ, ಚರ್ಮವನ್ನು ತೆಳುಮಾಡುತ್ತದೆ. ನೀರನ್ನು ಮೈಯಲ್ಲಿ ಉಳಿಸಿಕೊಳ್ಳೆಂದು ಮೂತ್ರಪಿಂಡಕ್ಕೆ ಹೇಳುವ ಇನ್ನೊಂದು ಹಾರ್ಮೋನಿನ ಮಾತು ನಡೆಯದಂತೆ ಮಾಡುತ್ತದೆ. ಹಾರ್ಮೋನು ಎಂಬ ಪದವನ್ನು ಸ್ಟಾರ್ಲಿಂಗ್ ಎಂಬ ಆಂಗ್ಲ ವಿಜ್ಞಾನಿ 1905ರಲ್ಲಿ ಬಳಕೆಗೆ ತಂದ; ಗ್ರೀಕಿನಲ್ಲಿ ಅದರ ಮೂಲಕ್ಕೆ ‘ಕೆರಳಿಸು’ ಎಂಬರ್ಥ. ನಮ್ಮ ಮನೆಯಲ್ಲಿ ಅದು ಕಾಳಿಯ ಮೈಯನ್ನಲ್ಲದೆ ನನ್ನ ನಾಲಗೆಯನ್ನೂ ಕೆರಳಿಸಿತ್ತು.

ಔಷಧಿಯ ಹೆಸರು ಟ್ರೈಲೋಸ್ಟೇನ್. ಅಡ್ರಿನಲ್ಲಿನಲ್ಲಿ ಕಾರ್ಟಿಸಾಲ್ ತಯಾರಾಗುವುದನ್ನು ಅದು ತಡೆಯುತ್ತದೆ. ರೋಗದ ಬೇರನ್ನು ಕೀಳುವುದಿಲ್ಲ. ಆದುದರಿಂದ ಜೀವವಿರುವವರೆಗೂ ಕೊಡತಕ್ಕದ್ದು, ಅದೂ ಆಹಾರದೊಡನೆ. ಗರ್ಭಿಣಿಯರು ಅದನ್ನು ಮುಟ್ಟಬಾರದು. ಉಳಿದವರು ಮುಟ್ಟಿದ ಮೇಲೆ ಕೈ ತೊಳೆಯಬೇಕು. ಪ್ರಮಾಣ ಹೆಚ್ಚಾದರೆ ಕಾರ್ಟಿಸಾಲ್ ತೀರ ಇಳಿದು ಪ್ರಾಣಕ್ಕೇ ಕುತ್ತು. ನಾಯಿ ಊಟ ಬಿಟ್ಟರೆ, ವಾಂತಿ ಮಾಡಿದರೆ, ಏಳಲಾರದೆ ಬಿದ್ದುಕೊಂಡರೆ ಮುಂದಿನ ಮಾತ್ರೆಯನ್ನು ಕೊಡದೆ ಕೂಡಲೆ ವೈದ್ಯರಿಗೆ ತಿಳಿಸಬೇಕು. ಮೊದಲ ರಕ್ತಪರೀಕ್ಷೆ ಹತ್ತು ಹದಿನೈದು ದಿನಗಳೊಳಗೆ, ಆಮೇಲೆ ತಿಂಗಳಿಗೆ, ಆಮೇಲೆ ಮೂರು ಮೂರು ತಿಂಗಳಿಗೆ. ಅಗ್ಗದ ವ್ಯವಹಾರವಲ್ಲ. ನಾಲ್ಕು ವಾರ ಕಳೆಯುವುದರೊಳಗೆ ಕಾಳಿಯ ನೀರು 700 ಮಿಲಿಲೀಟರಿಗೆ ಇಳಿಯಿತು. ಬಾಗಿಲ ಬಳಿಯ ಕೆರೆ ಬತ್ತಿತು. ಕೆಮ್ಮಿನಂಥ ಆ ಒಂಟಿ ಬೊಗಳು ಮತ್ತೆ ಕೇಳಿಬಂತು.

ಆದರೆ ಮಲಗಿದ್ದೆಡೆಯ ತೇವ ನಿಲ್ಲಲಿಲ್ಲ. ಆಗ ವೈದ್ಯೆ ತಿಳಿಸಿದ್ದನ್ನು ಇಂಥ ನಾಯಿ ಸಾಕಿದವರೆಲ್ಲ ತಿಳಿಯಬೇಕು. ಕಣ್ಣಿಗೆ ಕಾಣುವ ಒದ್ದೆ ಒಂದೇ, ಗಂಟುಗಳು ಮೂರು. ಮೂತ್ರವೇ ಅತಿಯಾಗಿ, ನಾಯಿಗೆ ತಿಳಿದಿದ್ದರೂ ಹೊರಗೆ ಹೋಗುವಷ್ಟು ಹೊತ್ತು ತಡೆಯಲಾರದಿರುವುದು ಒಂದು. ಮೂತ್ರಕೋಶಕ್ಕೆ ಸೋಂಕು ತಗಲಿರುವುದು ಇನ್ನೊಂದು. ಕಾರ್ಟಿಸಾಲ್ ಉರಿಯೂತವನ್ನು ಅದುಮಿಡುವುದರಿಂದ ಈ ರೋಗದಲ್ಲಿ ಸೋಂಕು ನೋವು ತೋರದೆ ಅಡಗಿರುತ್ತದೆ. ಗರ್ಭಕೋಶ ತೆಗೆಸಿದ ಹೆಣ್ಣುನಾಯಿಗಳಲ್ಲಿ ಮೂತ್ರದ್ವಾರದ ಬಿಗಿ ಸಡಿಲಿ, ನಿದ್ದೆಯಲ್ಲಿ ಅರಿವಿಲ್ಲದೆಯೇ ಸೋರುವುದು ಮೂರನೆಯದು. ಕಾಳಿಗೆ ಮೂರೂ ಇದ್ದವು. ಸೂಜಿಯಿಂದ ಮೂತ್ರಕೋಶದಿಂದಲೇ ಮೂತ್ರ ತೆಗೆದು, ಅದರಲ್ಲಿ ಬೆಳೆದ ಕ್ರಿಮಿ ಯಾವುದೆಂದು ಕಂಡು, ಸೋಂಕಿಗೆ ಮದ್ದಾಯಿತು. ಮೂರನೆಯದಕ್ಕೆ ಫಿನೈಲ್‌ಪ್ರೊಪನೊಲಮಿನ್ ಎಂಬ ಔಷಧಿಯುಂಟು. ಆದರೆ ಅದು ರಕ್ತದೊತ್ತಡವನ್ನು ಏರಿಸುತ್ತದೆ. ಈ ರೋಗದ ನಾಯಿಗಳಿಗೆ ಒತ್ತಡ ಮೊದಲೇ ಏರಿರುವುದುಂಟು, ಕಾಳಿಗೂ ಏರಿತ್ತು. “ಸದ್ಯಕ್ಕೆ ಮಾತ್ರೆ ಬೇಡ ಮೇಷ್ಟ್ರೇ. ಗಡಿಯಾರ, ಹಾಸಿಗೆ ಎರಡನ್ನೂ ನಂಬಿ ನೋಡೋಣ” ಎಂದರು.

ಹೀಗೆ ನಮ್ಮ ಮನೆಯ ದಿನಚರಿ ಹೊಸದಾಗಿ ಬರೆಯಲ್ಪಟ್ಟಿತು. ಬೆಳಗ್ಗೆ ಆರಕ್ಕೆ, ಊಟವಾದ ಮೇಲೆ, ನಿದ್ದೆಯಿಂದೆದ್ದ ಮೇಲೆ, ರಾತ್ರಿ ಹನ್ನೊಂದಕ್ಕೆ, ಮತ್ತೆ ಮೂರಕ್ಕೆ ಕಾಳಿ ಹೊರಗೆ ಹೋಗತಕ್ಕದ್ದು. ಸೊರಗಿದ ಕಾಲು ನುಣ್ಣನೆಯ ನೆಲದಲ್ಲಿ ಜಾರದಂತೆ ಹಾಸಿಗೆಯಿಂದ ಬಾಗಿಲವರೆಗೆ ಗೋಣಿತಟ್ಟು ಹಾಸಿದೆವು. ಮೆಟ್ಟಿಲಿಗೆ ಹಲಗೆ ಒರಗಿಸಿದೆವು. ಹಾಸಿಗೆಯ ವಿಷಯದಲ್ಲಿ ಅಮ್ಮನೇ ಗುರು. ತೊಟ್ಟಿಲಿನಲ್ಲಿ ಹಾಸುವ ರಬ್ಬರ್ ಷೀಟನ್ನು ಕೆಳಗೆ ಹಾಕಿ, ಮೇಲೆ ಹಳೆಯ ನೂಲಿನ ಸೀರೆಯನ್ನು ನಾಲ್ಕು ಮಡಿಕೆಯಾಗಿ ಹಾಸಿದಳು. ಅಂಥವು ಎಂಟು, ಒಂದು ಒದ್ದೆಯಾದರೆ ಒಂದು ಒಣಗಿರಬೇಕು. ಮೂತ್ರ ತಗಲಿದ ಚರ್ಮ ಬೆಂದಂತಾಗಿ ಹುಣ್ಣಾಗುತ್ತದೆ. ಈ ರೋಗದಲ್ಲಿ ತೆಳುವಾದ ಚರ್ಮ ಬೇಗ ಮಾಯುವುದೂ ಇಲ್ಲ. ತೊಡೆಯ ಸಂದಿನ ಕೂದಲನ್ನು ಕತ್ತರಿಸಿ, ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಬೇಕು. ಮಕ್ಕಳಿಗೆ ಹಚ್ಚುವ ಸತು ಸೇರಿದ ಮುಲಾಮು ಕೂಡದು. ನಾಯಿ ನೆಕ್ಕಿದರೆ ವಿಷ. ಊರಿಗೆ ಹೋಗುವಾಗ ಮಾತ್ರ ನಾಯಿಗಳ ಡಯಾಪರ್ ಕಟ್ಟುತ್ತೇವೆ. ಅದನ್ನೂ ಒದ್ದೆಯಾದೊಡನೆ ಬದಲಿಸದಿದ್ದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ನೆಲಕ್ಕೆ ಘಾಟು ಫಿನಾಯಿಲನ್ನು ಬಿಟ್ಟು, ಮೂತ್ರದ ಕಲೆಗೆಂದೇ ಮಾರುವ ಎನ್‌ಜೈಮ್ ದ್ರಾವಣವನ್ನು ಹಾಕುತ್ತೇವೆ. ನೀರಿನ ಬಟ್ಟಲುಗಳು ಒಂದಲ್ಲ, ಎರಡು, ರಾತ್ರಿಯಿಡೀ ತುಂಬಿರುತ್ತವೆ.

ಈ ಎಲ್ಲದರ ನಡುವೆ ನಾನು ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದ ಒಂದು ವಿಷಯ ನನಗೆ ಮೊದಲ ಸಲ ಅರ್ಥವಾಯಿತು. ಕನ್ನಡದಲ್ಲಿ ‘ನಾನು ಉಂಡೆ’ ಎನ್ನುತ್ತೇವೆ. ಆದರೆ ‘ನನಗೆ ಹಸಿವಾಯಿತು’. ‘ನಾನು ಮಲಗಿದೆ’, ಆದರೆ ‘ನನಗೆ ನಿದ್ದೆ ಬಂತು’. ಬಾಯಾರಿಕೆ, ಜ್ವರ, ನಾಚಿಕೆ, ವಯಸ್ಸು ಇವುಗಳ ಮುಂದೆ ನಮ್ಮ ಭಾಷೆ ಮನುಷ್ಯನನ್ನು ಕರ್ತೃವಿನ ಪೀಠದಿಂದ ಇಳಿಸಿ ಚತುರ್ಥೀ ವಿಭಕ್ತಿಯಲ್ಲಿ ಕೂರಿಸುತ್ತದೆ. ಅವನು ಮಾಡಿದ್ದಲ್ಲ, ಅವನಿಗೆ ಆದದ್ದು. ನಮ್ಮ ಪೂರ್ವಿಕರು ಎಷ್ಟೋ ತಲೆಮಾರುಗಳ ಅನುಭವದಿಂದ ಎಳೆದ ಗೆರೆ ಇದು. ‘ಕಾಳಿ ಒದ್ದೆ ಮಾಡಿತು’ ಎಂದು ನಾನು ಅಷ್ಟು ತಿಂಗಳೂ ಹೇಳುತ್ತಿದ್ದೆ. ಆ ಒಂದು ಕ್ರಿಯಾಪದದಲ್ಲಿ ಅಪರಾಧವೂ ಇತ್ತು, ಶಿಕ್ಷೆಯೂ ಇತ್ತು. ‘ಕಾಳಿಗೆ ಹೀಗಾಗುತ್ತಿದೆ’ ಎಂದಿದ್ದರೆ ಮೊದಲ ವಾರವೇ ವೈದ್ಯರ ಬಳಿಗೆ ಹೋಗುತ್ತಿದ್ದೆ.

ಒಂದು ಸಂಗತಿಯನ್ನು ಹಿಂದೆ ಬಿಟ್ಟಿದ್ದೆ. ಹೇಳದೆ ಮುಗಿಸಿದರೆ ಈ ಬರಹ ಸುಳ್ಳಾಗುತ್ತದೆ. ಪಶುವೈದ್ಯೆಯನ್ನು ಮೊದಲು ಕಂಡು ಬಂದ ದಿನ ರಾತ್ರಿ ಊಟಕ್ಕೆ ಕುಳಿತಾಗ, ಅವರು ಹೇಳಿದ್ದನ್ನೆಲ್ಲ ಮನೆಯವರಿಗೆ ಒಪ್ಪಿಸಿದೆ: ನೀರು ನಿಲ್ಲಿಸುವುದು ತಪ್ಪು, ಬೈಯುವುದು ತಪ್ಪು, ಅದು ಬೇಕೆಂದು ಮಾಡುವುದಲ್ಲ, ಪರೀಕ್ಷೆ ಮಾಡಿಸಿದರೆ ದಾರಿಯುಂಟು. ಎಪ್ಪತ್ತಾರು ವರ್ಷದ ಅಮ್ಮ ಮಾತನಾಡದೆ ಕೇಳಿದಳು. ಆಮೇಲೆ ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡು ಪೂರ್ತಿ ಕುಡಿದಳು. ಇನ್ನೊಂದು ಲೋಟ ಬಗ್ಗಿಸಿಕೊಂಡಳು. ಮಡದಿ ನನ್ನ ಮುಖ ನೋಡಿದಳು. ಸಂಜೆಯ ಮೇಲೆ ಅಮ್ಮ ನೀರು ಮುಟ್ಟದೆ ಎಷ್ಟು ಕಾಲವಾಗಿತ್ತೆಂಬುದು ಆಗ ನಮಗೆ ಹೊಳೆಯಿತು. ಎಲ್ಲರಿಗಿಂತ ಮೊದಲೆದ್ದು ತನ್ನ ಸೀರೆಯನ್ನೂ ಹಾಸಿಗೆಯ ಮೇಲುಹಾಸನ್ನೂ ಅವಳೇ ಒಗೆದುಬಿಡುತ್ತಿದ್ದುದನ್ನು ನಾವು ಮಡಿ ಎಂದುಕೊಂಡಿದ್ದೆವು. ನಾನು ರಾತ್ರಿ ಎರಡಕ್ಕೆ ನಾಯಿಯನ್ನು ಬೈದ ಒಂದೊಂದು ಮಾತನ್ನೂ ಅವಳು ಪಕ್ಕದ ಕೋಣೆಯಲ್ಲಿ ಎಚ್ಚರವಾಗಿ ಮಲಗಿ ಕೇಳಿದ್ದಳು.

ಅವಳಿಗೆ ಕ್ಷಮೆ ಕೇಳುವ ಮಾತು ನನಗೆ ಸಿಗಲಿಲ್ಲ. ಮುಂದಿನ ವಾರ ಅವಳನ್ನೂ ವೈದ್ಯರಿಗೆ ತೋರಿಸಿದೆವು. ಅವಳ ತೊಂದರೆಗೂ ಚಿಕಿತ್ಸೆಯಿತ್ತು, ಮನೆಯಲ್ಲಿಯೇ ಮಾಡುವ ಸಣ್ಣ ವ್ಯಾಯಾಮಗಳಿದ್ದವು. “ಕಾಳಿಯಿಂದ ನನಗೂ ಪುಣ್ಯ ಬಂತು” ಎಂದು ಒಮ್ಮೆ ನಕ್ಕಳು. ಅದನ್ನು ಕುರಿತು ಅವಳು ಆಡಿದ ಮಾತು ಅದೊಂದೇ.

ಇದೆಲ್ಲ ಆಗಿ ಎರಡು ವರ್ಷ ಕಳೆದಿದೆ. ಪಕ್ಕೆಯ ಕೂದಲು ಬಹುಮಟ್ಟಿಗೆ ಮತ್ತೆ ಬಂದಿದೆ. ಕಾಳಿ ಗುಣವಾಗಿಲ್ಲ, ಗುಣವಾಗುವುದೂ ಇಲ್ಲ. ವಾರದಲ್ಲಿ ಒಂದೆರಡು ರಾತ್ರಿ ಸೀರೆ ಇಂದಿಗೂ ಒದ್ದೆಯಾಗುತ್ತದೆ. ಹಂದಿಯನ್ನು ಕೆಡವಿ ಸತ್ತ ನಾಯಿಗೆ ಆತಕೂರಿನವರು ಕಲ್ಲು ನಿಲ್ಲಿಸಿದರು. ವೀರಮರಣವಿಲ್ಲದೆ, ದಿನದಿನಕ್ಕೂ ಸಡಿಲುತ್ತ ಬಾಳುವ ಜೀವಗಳಿಗೆ ಕಲ್ಲು ನಿಲ್ಲಿಸಿದವರನ್ನು ನಾನು ಕಾಣೆ. ಅವು ಕೇಳುವುದೂ ಅದನ್ನಲ್ಲ. ಒಣಗಿದ ಹಾಸಿಗೆ, ತುಂಬಿದ ಬಟ್ಟಲು, ಬೈಯದ ನಾಲಗೆ, ಇಷ್ಟೇ.

ರಾತ್ರಿ ಮೂರಕ್ಕೆ ಎದ್ದು ದೀಪ ಹಾಕುತ್ತೇನೆ. ಅಮ್ಮನ ಕೋಣೆಯಲ್ಲಿಯೂ ದೀಪ ಹತ್ತುತ್ತದೆ. ಬಚ್ಚಲ ಬಾಗಿಲು ಈಗ ಮೆಲ್ಲಗೆ, ಕಳ್ಳತನದಿಂದ, ತೆರೆಯುವುದಿಲ್ಲ. ಸೀರೆ ಒದ್ದೆಯಾಗಿದ್ದರೆ ಬದಲಿಸುತ್ತೇನೆ. ಕಾಳಿ ಒಂದು ಕಣ್ಣು ತೆರೆದು ನೋಡಿ, ಪಕ್ಕಕ್ಕೆ ಸರಿದು, ಮತ್ತೆ ಮಲಗುತ್ತದೆ. ಬಾಗಿಲ ಹಿಂದಕ್ಕೆ ಹೋಗುವುದಿಲ್ಲ.